ಕಾಲೇಜು ಬದಲಿಸುವ ಮುನ್ನ: ಮಗಳಿಗೊಂದು ಪತ್ರ

ದಾವಣಗೆರೆ

ಚಿ. ಸಹನಾಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು. ಇತ್ತ ನಾವೆಲ್ಲರೂ ಕ್ಷೇಮ. ಮೆಲ್ಬರ್ನ್‌ನಲ್ಲಿ ನೀನೂ ಕ್ಷೇಮವಾಗಿರುವೆ ಎಂದು ಭಾವಿಸಿದ್ದೇನೆ.

ಮೊನ್ನೆ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಆಗಲೇ ಉತ್ತರ ಕೊಡದೆ ಬರೆದು ಕಳಿಸುತ್ತೇನೆ ಎಂದೆ, ಏಕೆಂದರೆ ಅದು ಫೋನಿನಲ್ಲಿ ಹೌದು, ಅಲ್ಲ ಎಂದು ಮುಗಿಸುವ ವಿಷಯವಲ್ಲ. ಈಗ ಅಡುಗೆ ಕಲಿಯುತ್ತಿರುವ ಟೇಫ್ ಎಂಬ ಸರ್ಕಾರಿ ವೃತ್ತಿ ಶಿಕ್ಷಣ ಸಂಸ್ಥೆಯನ್ನು ಬಿಟ್ಟು, ಶುಲ್ಕ ಅರ್ಧದಷ್ಟಿರುವ, ವಾರಕ್ಕೆ ಎರಡು ದಿನ ಮುಖ ತೋರಿಸಿದರೆ ಸಾಕೆನ್ನುವ ಖಾಸಗಿ ಕಾಲೇಜಿಗೆ ಸೇರಿದರೆ ಹೇಗೆ ಎಂದು ಕೇಳಿದ್ದೆ. ಮನೆಯಲ್ಲಿ ಜೊತೆಗಿರುವ ಇಬ್ಬರು ಹುಡುಗಿಯರು ಹಾಗೆಯೇ ಮಾಡಿದ್ದಾರೆ, ಕಾಗದಪತ್ರಗಳನ್ನೆಲ್ಲ ಏಜೆಂಟನೇ ನೋಡಿಕೊಳ್ಳುತ್ತಾನೆ, ಉಳಿದ ದಿನಗಳಲ್ಲಿ ದುಡಿದು ಬ್ಯಾಂಕಿನ ಸಾಲವನ್ನು ಬೇಗ ತೀರಿಸಬಹುದು ಎಂದೂ ಹೇಳಿದೆ. ನಮ್ಮ ಹೊರೆ ಇಳಿಸಬೇಕೆಂಬ ನಿನ್ನ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ನಿನಗೆ ಯಾರೋ ಹಾಕಿಕೊಟ್ಟಿರುವ ಲೆಕ್ಕ ತಪ್ಪಾಗಿದೆ.

ಮೊದಲು ದುಡಿಮೆಯ ಮಾತು. ವಿದ್ಯಾರ್ಥಿ ವೀಸಾದಲ್ಲಿರುವವರು ತರಗತಿಗಳು ನಡೆಯುವ ಅವಧಿಯಲ್ಲಿ ಹದಿನಾಲ್ಕು ದಿನಗಳಿಗೆ 48 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. 2023ರ ಜುಲೈ 1ರಿಂದ ಜಾರಿಯಲ್ಲಿರುವ ಈ ಮಿತಿಯನ್ನು ಯಾವ ಸೋಮವಾರದಿಂದ ಎಣಿಸಿದರೂ ಮೀರಿರಬಾರದು. ಈ ನಿಯಮ ಟೇಫ್‌ಗೆ ಒಂದು, ಖಾಸಗಿ ಕಾಲೇಜಿಗೆ ಇನ್ನೊಂದು ಎಂದಿಲ್ಲ. ಹಾಗಿರುವಾಗ ವಾರಕ್ಕೆ ಎರಡೇ ದಿನ ತರಗತಿ ಇರುವ ಕಡೆ ಸೇರಿ ಉಳಿಸಿಕೊಂಡ ಸಮಯವನ್ನು ನೀನು ಕಾನೂನುಬದ್ಧವಾಗಿ ದುಡ್ಡಾಗಿಸುವುದು ಹೇಗೆ? ಮಿತಿಗಿಂತ ಹೆಚ್ಚು ದುಡಿಯಬೇಕೆಂದರೆ ಲೆಕ್ಕಕ್ಕೆ ಬರದಂತೆ ಕೈಗೆ ನಗದು ಕೊಡುವವನ ಬಳಿಯೇ ದುಡಿಯಬೇಕಾಗುತ್ತದೆ, ಮತ್ತು ಅಂಥವನು ಪೂರ್ಣ ಕೂಲಿ ಕೊಟ್ಟ ಉದಾಹರಣೆ ದಾವಣಗೆರೆಯಲ್ಲಿಯೂ ಇಲ್ಲ, ಮೆಲ್ಬರ್ನ್‌ನಲ್ಲಿಯೂ ಇರಲಾರದು. 2025ರ ಜುಲೈ 1ರಿಂದ ಆ ದೇಶದ ಕನಿಷ್ಠ ವೇತನ ಗಂಟೆಗೆ 24.95 ಡಾಲರ್ ಎಂದು ನಿಗದಿಯಾಯಿತು. ಸಂಬಳ ಕೊಟ್ಟ ಮೇಲೆ ಒಂದು ಕೆಲಸದ ದಿನದೊಳಗೆ ವೇತನ ಚೀಟಿ ಕೊಡಬೇಕೆಂದೂ ಅಲ್ಲಿಯ ಕಾನೂನಿದೆ. ಈಗ ನೀನು ಕೆಲಸ ಮಾಡುವ ಕೆಫೆಯವರು ಚೀಟಿ ಕೊಡುತ್ತಾರೆಂದು ಹೇಳಿದ್ದೆ. ಅದೊಂದು ಕಾರಣಕ್ಕಾದರೂ ಆ ಕೆಲಸವನ್ನು ಬಿಡಬೇಡ.

ಇನ್ನು ಆ ಕಾಲೇಜಿನ ಎರಡು ದಿನಗಳ ಮಾತು. ವಿದೇಶಿ ವಿದ್ಯಾರ್ಥಿಗಳಿಗೆ ನಡೆಸುವ ವೃತ್ತಿ ಶಿಕ್ಷಣದ ಕೋರ್ಸಿನಲ್ಲಿ ವಾರಕ್ಕೆ ಕನಿಷ್ಠ 20 ಗಂಟೆಗಳ ನಿಗದಿತ ತರಗತಿ ಇರಬೇಕು. ಅದನ್ನು ಎರಡು ದಿನಕ್ಕೆ ಅಡಕುತ್ತಾರೋ, ಹಾಜರಿ ಪುಸ್ತಕದಲ್ಲಿ ಮಾತ್ರ ತೋರಿಸುತ್ತಾರೋ ನೀನೇ ಯೋಚಿಸು. ಏಜೆಂಟ್ ನಿನಗೆ ಹೇಳಿರಲಾರದ ಇನ್ನೊಂದು ಸಂಗತಿಯೂ ಇದೆ. ಮುಖ್ಯ ಕೋರ್ಸ್ ಆರಂಭವಾಗಿ ಆರು ತಿಂಗಳು ತುಂಬುವ ಮೊದಲು ಬೇರೆ ಸಂಸ್ಥೆಗೆ ಹೋಗಬೇಕಾದರೆ ಈಗಿನ ಸಂಸ್ಥೆಯೇ ನಿನ್ನನ್ನು ಬಿಡುಗಡೆ ಮಾಡಬೇಕು. ನಿನ್ನ ವೀಸಾವನ್ನು ನೀನು ಈಗ ಓದುತ್ತಿರುವ ಸರ್ಟಿಫಿಕೇಟ್ 3 ಮತ್ತು ಅದರ ನಂತರದ ಸರ್ಟಿಫಿಕೇಟ್ 4 ಎಂಬ ಎರಡೂ ಕೋರ್ಸ್‌ಗಳನ್ನು ಸೇರಿಸಿ ಕೊಟ್ಟಿದ್ದಾರೆ. ಹೀಗೆ ಒಂದಕ್ಕಿಂತ ಹೆಚ್ಚು ಕೋರ್ಸ್‌ಗಳಿದ್ದಾಗ ಸಾಮಾನ್ಯವಾಗಿ ಕೊನೆಯದನ್ನೇ ಮುಖ್ಯ ಕೋರ್ಸ್ ಎಂದು ಪರಿಗಣಿಸುವುದರಿಂದ, ನಿನ್ನ ಆರು ತಿಂಗಳ ಎಣಿಕೆ ಇನ್ನೂ ಶುರುವೇ ಆಗಿಲ್ಲ. ಈ ನಡುವೆ ತರಗತಿಗೆ ಹೋಗುವುದನ್ನು ನಿಲ್ಲಿಸಿದರೆ ಟೇಫ್‌ನವರು ನಿನ್ನ ದಾಖಲಾತಿಯ ದೃಢೀಕರಣ ಪತ್ರವನ್ನು ರದ್ದು ಮಾಡುತ್ತಾರೆ, ಮತ್ತು ದಾಖಲಾತಿ ಉಳಿಸಿಕೊಳ್ಳುವುದು ವೀಸಾದ ಷರತ್ತೇ ಆಗಿರುವುದರಿಂದ ವೀಸಾವೂ ಅಪಾಯಕ್ಕೆ ಸಿಲುಕುತ್ತದೆ. ಆಗ ಏಜೆಂಟ್ ಫೋನ್ ಎತ್ತುತ್ತಾನೆಯೇ?

ಖಾಸಗಿ ಕಾಲೇಜುಗಳೆಲ್ಲ ಕೆಟ್ಟವೆಂದು ನಾನು ಹೇಳುವುದಿಲ್ಲ. ನಮ್ಮ ಊರಿನಲ್ಲಿಯೇ ಖಾಸಗಿಯವರು ಕಟ್ಟಿದ ಒಳ್ಳೆಯ ಕಾಲೇಜುಗಳಿಂದ ಎಷ್ಟೋ ಮನೆಗಳು ಉದ್ಧಾರವಾಗಿವೆ. ಆದರೆ ಕಲಿಸುವ ಕಾಲೇಜು ಬೇರೆ, ಪ್ರಮಾಣಪತ್ರ ಮಾರುವ ಕಾಲೇಜು ಬೇರೆ. ಆಸ್ಟ್ರೇಲಿಯಾದ ಸರ್ಕಾರ 2024ರಲ್ಲಿ ಪಾಠವನ್ನೇ ನಡೆಸದಿದ್ದ ಸುಮಾರು 150 ತರಬೇತಿ ಸಂಸ್ಥೆಗಳನ್ನು ಮುಚ್ಚಿಸಿತು. ಆ ವರ್ಷದ ಕೊನೆಯಿಂದೀಚೆಗೆ ಅಲ್ಲಿಯ ನಿಯಂತ್ರಣ ಪ್ರಾಧಿಕಾರ ಆಸ್ಕ್ವಾ ಇನ್ನೂ ಮುಂದೆ ಹೋಗಿ, ಕೆಲವು ಸಂಸ್ಥೆಗಳು ಸರಿಯಾಗಿ ತರಬೇತಿ ಕೊಡದೆ, ಪರೀಕ್ಷಿಸದೆ ಹಂಚಿದ್ದ ಸಾವಿರಾರು ಪ್ರಮಾಣಪತ್ರಗಳನ್ನು ರದ್ದುಪಡಿಸಿದೆ. ಕೋರ್ಸ್ ಮುಗಿಸಿ, ಕೆಲಸಕ್ಕೂ ಸೇರಿದವರ ಕೈಯಿಂದ ಪತ್ರ ವಾಪಸ್ ಹೋಗುವುದೆಂದರೆ ಏನೆಂದು ಊಹಿಸಿಕೋ. ಕಾಲೇಜು ಬಾಗಿಲು ಹಾಕಿದರೆ ಉಳಿದ ಶುಲ್ಕವನ್ನು ಮರಳಿಸುವ ಅಥವಾ ಬೇರೆ ಕಡೆ ಸೀಟು ಹುಡುಕಲು ನೆರವಾಗುವ ವ್ಯವಸ್ಥೆಯನ್ನು ಅಲ್ಲಿಯ ಸರ್ಕಾರ ಮಾಡಿದೆಯಾದರೂ, ಕಳೆದುಹೋದ ವರ್ಷವನ್ನು ಅದು ಮರಳಿ ಕೊಡುವುದಿಲ್ಲ.

ನನಗೆ ನಿಜವಾಗಿ ಹೇಳಬೇಕೆನಿಸಿರುವುದು ಈ ನಿಯಮಗಳಿಗಿಂತ ಕಲಿಕೆಯ ಬಗ್ಗೆ. ಐ.ಟಿ.ಐ.ನಲ್ಲಿ ಫಿಟ್ಟರ್ ಟ್ರೇಡಿನ ಕಿರಿಯ ತರಬೇತಿ ಅಧಿಕಾರಿಯಾಗಿ ಎಷ್ಟೋ ತಂಡಗಳಿಗೆ ಕಲಿಸಿದ ನನಗೆ, ಹೊಸ ಹುಡುಗರು ಮೊದಲ ತಿಂಗಳುಗಳಲ್ಲಿ ಬೇಸರಪಡುವುದು ಹೊಸದಲ್ಲ. ಎಂ.ಎಸ್. ಫ್ಲಾಟಿನ, ಅಂದರೆ ಮೆದು ಉಕ್ಕಿನ ಪಟ್ಟಿಯ, ತುಂಡೊಂದನ್ನು ವೈಸಿಗೆ ಕಚ್ಚಿಸಿ ದಿನಗಟ್ಟಲೆ ಅರದಿಂದ ಉಜ್ಜಬೇಕು. ಲಂಬಕೋನ ನೋಡುವ ಟ್ರೈ ಸ್ಕ್ವೇರನ್ನು ಅಂಚಿಗೆ ಇಟ್ಟು ಬೆಳಕಿಗೆ ಹಿಡಿದಾಗ ನಡುವೆ ಒಂದು ಎಳೆ ಬೆಳಕು ಕಂಡರೂ ಮತ್ತೆ ಉಜ್ಜಬೇಕು. ಯಂತ್ರದಲ್ಲಿ ನಿಮಿಷದಲ್ಲಾಗುವ ಕೆಲಸಕ್ಕೆ ಇಷ್ಟು ಕೈನೋವು ಏಕೆಂದು ಪ್ರತಿ ತಂಡದಲ್ಲಿಯೂ ಒಬ್ಬ ಕೇಳುತ್ತಾನೆ. ಎರಡನೆಯ ವರ್ಷದಲ್ಲಿ ಅವನೇ ಬೇರಿಂಗ್ ಕೂರಿಸುವಾಗ, ಅಳತೆ ನೋಡುವ ಮೊದಲೇ ಬಿಗಿಯೋ ಸಡಿಲವೋ ಎಂಬುದು ಅವನ ಬೆರಳಿಗೆ ಗೊತ್ತಾಗುತ್ತದೆ. ಹಾಜರಿ ಕದ್ದವರಿಗೆ ಅದು ಬಂದದ್ದನ್ನು ನಾನು ಕಂಡಿಲ್ಲ.

ನಿನ್ನ ಕೋರ್ಸಿನ ವಿವರಗಳನ್ನು ಓದಿದಾಗ ನನಗೆ ಗೌರವ ಮೂಡಿದ್ದು ಇದೇ ಕಾರಣಕ್ಕೆ. ಸರ್ಟಿಫಿಕೇಟ್ 3ಕ್ಕೆ 25 ಘಟಕಗಳು, ಅವುಗಳಲ್ಲಿ 20 ಕಡ್ಡಾಯ. ಶೇಕಡಾವಾರು ಅಂಕಗಳಿಲ್ಲ, ಆ ಕೆಲಸ ಬಂದಿದೆ ಅಥವಾ ಇನ್ನೂ ಬಂದಿಲ್ಲ ಎಂದಷ್ಟೇ ಬರೆಯುತ್ತಾರೆ. ಅಂಕಪಟ್ಟಿಯನ್ನು ಫ್ರೇಮ್ ಹಾಕಿಸುವ ನಮ್ಮ ಊರಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಅಷ್ಟೇ ಅಲ್ಲದೆ, ನಿಜವಾದ ಗಿರಾಕಿಗಳಿಗೆ ಅಡುಗೆ ಮಾಡಿ ಬಡಿಸುವ 48 ಪೂರ್ಣ ಪಾಳಿಗಳನ್ನು ಮುಗಿಸಬೇಕು (ಇಲ್ಲಿಯೂ 48 ಬಂದದ್ದು ಕಾಕತಾಳೀಯ). ಆರ್ಡರುಗಳು ಒಂದರ ಮೇಲೊಂದು ಬರುವಾಗ ಕೈ ನಡುಗದಿರುವುದನ್ನು ಯಾವ ಪುಸ್ತಕವೂ ಕಲಿಸಲಾರದು. ಆ ಪಾಳಿಗಳನ್ನು ಹೊಸ ಕಾಲೇಜು ಎಲ್ಲಿ, ಯಾವ ಅಡುಗೆಮನೆಯಲ್ಲಿ ಮಾಡಿಸುತ್ತದೆ ಎಂದು ನಿನ್ನ ಗೆಳತಿಯರನ್ನು ಕೇಳಿ ನೋಡು.

ನೀನು ಹೋದ ತಿಂಗಳು ವಿವರಿಸಿದ ತಾಪಮಾನದ ಪಾಠವನ್ನು ನಾನು ಮರೆತಿಲ್ಲ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಎರಡು ಗಂಟೆಯೊಳಗೆ ಇದ್ದ ಆಹಾರವನ್ನು ಮತ್ತೆ ಫ್ರಿಜ್ಜಿಗೆ ಇಡಬಹುದು, ಎರಡರಿಂದ ನಾಲ್ಕು ಗಂಟೆಯಾಗಿದ್ದರೆ ಆಗಲೇ ಬಳಸಬೇಕು, ನಾಲ್ಕು ಮೀರಿದರೆ ಎಸೆಯಬೇಕು ಎಂದಿದ್ದೆ. ಬೇಯಿಸಿದ್ದನ್ನು ಎರಡು ಗಂಟೆಯಲ್ಲಿ 60ರಿಂದ 21ಕ್ಕೆ, ಮುಂದಿನ ನಾಲ್ಕು ಗಂಟೆಯಲ್ಲಿ 5ಕ್ಕೆ ಇಳಿಸಬೇಕು, ಅದಕ್ಕಾಗಿ ಆಳವಿಲ್ಲದ ತಟ್ಟೆಗಳಿಗೆ ಹರಡಬೇಕು ಎಂದೂ ಹೇಳಿದ್ದೆ. ಅದಾದ ಮೇಲೆ ಇಲ್ಲಿ ಒಂದು ಮದುವೆಗೆ ಹೋದಾಗ, ಬೆಳಿಗ್ಗೆ ಬೇಯಿಸಿದ ಅನ್ನವನ್ನು ಕೊಪ್ಪರಿಗೆಯಲ್ಲಿಯೇ ಮುಚ್ಚಿಟ್ಟು ಮಧ್ಯಾಹ್ನ ಮೂರರ ಪಂಕ್ತಿಗೂ ಬಡಿಸುವುದನ್ನು ನೋಡಿ ನಾನು ಗಡಿಯಾರ ನೋಡಿಕೊಂಡೆ. ನಿನ್ನ ಅಮ್ಮ ಕಣ್ಣಿನಲ್ಲಿಯೇ ಗದರಿಸಿದಳು.

ಬಿ.ಕಾಂ. ಮುಗಿಸಿದ ಹುಡುಗಿ ವಿದೇಶಕ್ಕೆ ಹೋಗಿ ಅಡುಗೆ ಕಲಿಯುವುದೇ ಎಂದು ಕೇಳುವ ನೆಂಟರಿಗೆ ನಾನು ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ. ಬೆಣ್ಣೆ ದೋಸೆಯಿಂದ ಹೆಸರು ಮಾಡಿದ ಊರಿನವರು ಕೇಳುವ ಮಾತೇ ಇದು? ಕಟ್ಟಿಗೆಯ ಒಲೆಯ ಮುಂದೆ ನಿಂತು, ಹಂಚಿಗೆ ನೀರು ಚಿಮುಕಿಸಿ, ಅದು ಚುರ್ರೆನ್ನುವ ರೀತಿಯಿಂದಲೇ ಕಾವು ಅಳೆದು, ಪೊರಕೆಯಲ್ಲಿ ಒರೆಸಿ ಹಿಟ್ಟು ಹೊಯ್ಯುವವನ ಕೈಗುಣವನ್ನು ಎಲ್ಲರೂ ಹೊಗಳುತ್ತಾರೆ; ತಮ್ಮ ಮಕ್ಕಳು ಆ ಕೆಲಸಕ್ಕೆ ಹೋಗುವುದು ಮಾತ್ರ ಬೇಡ.

ಮುಂದಿನ ದಾರಿಯನ್ನೂ ನೋಡು. ಓದು ಮುಗಿದ ಮೇಲೆ ವೃತ್ತಿ ಶಿಕ್ಷಣ ಪಡೆದವರಿಗೆ ಸಿಗುವ ತಾತ್ಕಾಲಿಕ ಪದವೀಧರ ವೀಸಾದ ಅವಧಿ ಗರಿಷ್ಠ 18 ತಿಂಗಳು. ಅದಕ್ಕೂ, ಆಮೇಲೆ ಅಡುಗೆಯವಳಾಗಿ ನೆಲೆಯೂರುವುದಕ್ಕೂ ಟ್ರೇಡ್ಸ್ ರೆಕಗ್ನಿಷನ್ ಆಸ್ಟ್ರೇಲಿಯಾ ಎಂಬ ಸರ್ಕಾರಿ ಸಂಸ್ಥೆಯ ಕೌಶಲ್ಯ ಮೌಲ್ಯಮಾಪನ ಬೇಕು. ಮೊದಲ ಹಂತಕ್ಕೆ ಪ್ರಮಾಣಪತ್ರದ ಜೊತೆಗೆ ಅದೇ ವೃತ್ತಿಯಲ್ಲಿ ಕನಿಷ್ಠ 360 ಗಂಟೆಗಳ ಕೆಲಸದ ಪುರಾವೆ ಕೇಳುತ್ತಾರೆ. ನಂತರ ಒಂದು ವರ್ಷಕ್ಕೆ ಕಡಿಮೆಯಿಲ್ಲದ ಅವಧಿಯಲ್ಲಿ 1,725 ಗಂಟೆಗಳ ಸಂಬಳದ ಕೆಲಸ ಮಾಡಿರಬೇಕು. ಅದರ ಮೇಲೆ ಮೌಲ್ಯಮಾಪಕರು ನೀನು ಕೆಲಸ ಮಾಡುವಲ್ಲಿಯೇ ನಿನ್ನ ಕೆಲಸವನ್ನು ಪರೀಕ್ಷಿಸುತ್ತಾರೆ. ಅಂದು ಅವರು ನೋಡುವುದು ನೀನು ಚಾಕು ಹಿಡಿಯುವ ರೀತಿಯನ್ನು, ಸಾಸ್ ಒಡೆದಾಗ ಏನು ಮಾಡುವೆ ಎಂಬುದನ್ನು. ಅಲ್ಲಿ ಏಜೆಂಟ್ ನಿನ್ನ ಪಕ್ಕದಲ್ಲಿ ನಿಲ್ಲಲಾರ.

ಸಾಲದ ವಿಷಯವನ್ನು ಸದ್ಯ ನಮಗೆ ಬಿಡು. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಆರಂಭವಾಗುವುದಿಲ್ಲ. ಬಡ್ಡಿ ಬೆಳೆಯದಿರಲೆಂದು ಅದನ್ನು ನನ್ನ ಸಂಬಳದಿಂದ ತಿಂಗಳು ತಿಂಗಳು ಕಟ್ಟುತ್ತಿದ್ದೇನೆ. ಬಾಡಿಗೆಗೆ ಕಷ್ಟವಾದ ತಿಂಗಳು ಹೇಳಲು ಸಂಕೋಚಪಡಬೇಡ.

ಇಷ್ಟಾದರೂ ನಿನಗೆ ಅಡುಗೆಯೇ ಬೇಡವೆನಿಸಿದ್ದರೆ, ಅಥವಾ ಟೇಫ್‌ನಲ್ಲಿ ಯಾವುದೋ ತೊಂದರೆ ಇದ್ದು ನಮ್ಮಿಂದ ಮುಚ್ಚಿಟ್ಟಿದ್ದರೆ, ಅದು ಬೇರೆಯೇ ಮಾತು. ನೇರವಾಗಿ ಹೇಳು, ಕುಳಿತು ಯೋಚಿಸೋಣ. ಈ ವಾರ ಸಂಸ್ಥೆಯ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೋಗಿ, ಶುಲ್ಕವನ್ನು ಇನ್ನೂ ಸಣ್ಣ ಕಂತುಗಳಲ್ಲಿ ಕಟ್ಟಲು ಅವಕಾಶವಿದೆಯೇ ಎಂದು ವಿಚಾರಿಸು. ಏಜೆಂಟ್ ಕಳಿಸಿರುವ ಅರ್ಜಿಗೆ ಸಹಿ ಹಾಕದೆ, ಅದನ್ನೂ ಆ ಕಾಲೇಜಿನ ನೋಂದಣಿ ಸಂಖ್ಯೆಯನ್ನೂ ನನಗೆ ಕಳಿಸು. ಸರ್ಕಾರದ ಜಾಲತಾಣದಲ್ಲಿ ಅದು ಯಾವ ಕೋರ್ಸ್ ನಡೆಸಲು ಅನುಮತಿ ಪಡೆದಿದೆ, ಅದರ ಮೇಲೆ ಯಾವ ಕ್ರಮವಾಗಿದೆ ಎಂಬುದನ್ನು ನಾನೂ ನೋಡಿ ಭಾನುವಾರ ಫೋನ್ ಮಾಡುತ್ತೇನೆ.

ಇಂತಿ,
ನಿನ್ನ ಅಪ್ಪ