ನಡುವಿನ ಮಂದಿ

ಪುಟ್ಟಿ,

ರಾತ್ರಿ ನೀ ಫೋನ್ ಕಟ್ ಮಾಡಿದ ಮ್ಯಾಲ ನಿಮ್ಮವ್ವ ನನ್ನ ಕೂಡ ಮಾತಾಡಿಲ್ಲ, ಅದಕ್ಕ ಟೈಪ್ ಮಾಡ್ಲಿಕತ್ತೀನಿ. ಪಿಎಚ್‌ಡಿ ಯಾವಾಗ ಮುಗಿತೈತಿ ಅಂತ ಅಪ್ಪ ಆದಾಂವ ಕೇಳಬಾರದೇನು? ಬ್ಯಾಸರ ಆಗಿದ್ರ ಬಿಡು, ಆದ್ರ ಕೇಳಿದ್ದು ಕೇಳಿದ್ದ.

ಗಣಿತಜ್ಞ ಶ್ರೀಖಂಡೆ ಅವರ ಕಥಿ ನೀನ ಹೇಳಿದ್ದಿ, ನನ್ನ ತಲಿ ಬಿಟ್ಟು ಹೋಗವಲ್ದು. 1917ರಾಗ ಸಾಗರದಾಗ ಹುಟ್ಟಿದವ್ರು (ಮಧ್ಯಪ್ರದೇಶದ ಸಾಗರ ಮತ್ತ, ಶಿವಮೊಗ್ಗದ್ದಲ್ಲ), ಅಮೆರಿಕಾದ ಚಾಪೆಲ್ ಹಿಲ್‌ಗೆ ಹೋಗಿ ಸಂಖ್ಯಾಶಾಸ್ತ್ರಜ್ಞ ಆರ್.ಸಿ. ಬೋಸ್ ಕಡೆ ಪಿಎಚ್‌ಡಿ ಮಾಡಿದ್ರು. ಲ್ಯಾಟಿನ್ ಸ್ಕ್ವೇರ್ ಅಂದ್ರ ನನಗೂ ತಿಳಿತೈತಿ, ಹಿಟ್ಟಿನಹಳ್ಳಿ ಫಾರ್ಮ್‌ನ್ಯಾಗ ಜ್ವಾಳದ ಟ್ರಯಲ್‌ಗೆ ಹಗ್ಗ ಹಿಡದಾಂವ ನಾನು: ಐದು ತಳಿ, ಐದು ಸಾಲು, ಐದು ಕಾಲಂ, ಯಾವ ತಳಿನೂ ಒಂದ ಸಾಲಿನ್ಯಾಗ, ಒಂದ ಕಾಲಂನ್ಯಾಗ ಎರಡು ಸಲ ಬರಂಗಿಲ್ಲ, ಯಾಕಂದ್ರ ಭೂಮಿ ಸತ್ವ ಎರಡೂ ಕಡೆ ಬದಲಾಗ್ತಿರ್ತೈತಿ. ಅಂಥಾ ಎರಡು ಸ್ಕ್ವೇರ್ ಒಂದರ ಮ್ಯಾಲ ಒಂದು ಇಟ್ರ ಯಾವ ಜೋಡಿನೂ ಮತ್ತ ಬರಬಾರದು, ಅದು 6, 10, 14 ಸಾಲಿನ ಸ್ಕ್ವೇರಿಗೆಲ್ಲಾ ಆಗಂಗಿಲ್ಲ ಅಂತ ಗಣಿತಜ್ಞ ಆಯ್ಲರ್ 1782ರಾಗ ಬರದಿಟ್ಟ. 1959ರಾಗ ಬೋಸ್, ಶ್ರೀಖಂಡೆ 22ಕ್ಕ ಮಾಡಿ ತೋರ್ಸಿದ್ರು, ಪಾರ್ಕರ್ 10ಕ್ಕ ಮಾಡಿದ, ಆಮ್ಯಾಲ ಮೂವರೂ ಸೇರಿ 6 ಬಿಟ್ಟು ಮುಂದಿನವೆಲ್ಲಾ ಆಗ್ತಾವಂತ ತೋರ್ಸಿದ್ರು. ನ್ಯೂಯಾರ್ಕ್ ಟೈಮ್ಸ್ ಫ್ರಂಟ್ ಪೇಜಿನ್ಯಾಗ ಬಂತು.

ನೀ ಅಷ್ಟ ಹೇಳಿ ನಿಲ್ಲಸ್ತಿ. ನಾ ಲೆಕ್ಕ ಹಾಕಿದೆ, 177 ವರ್ಷ. ಆ ನಡುವ ಎಷ್ಟು ಮಂದಿ ಇದಕ್ಕ ಕುಂತು ಎದ್ದು ಹೋಗಿರಬೇಕು? ಮ್ಯಾಕ್‌ನೀಶ್ ಅನ್ನಾಂವ 1922ರಾಗ ಆಯ್ಲರ್ ಹೇಳಿದ್ದ ಖರೇ ಅಂತ ಪ್ರೂಫ್ ಕೊಟ್ಟ, ಅದೂ ತಪ್ಪಾತು. ಅವನ ಹೆಸರರ ಉಳೀತು, ಉಳದವರದ್ದು? ಅವರೂ ಯಾರದರ ಮಕ್ಕಳ ಅಲ್ಲೇನ, ಅವರ ಅಪ್ಪಂದಿರೂ ಕೇಳಿರಬೇಕು, ಏನಾತಪಾ ಅಂತ. ನೀ ಶ್ರೀಖಂಡೆ ಆಗದಿದ್ರ ನನಗೇನಿಲ್ಲ ಪುಟ್ಟಿ, ಆ ನಡುವಿನ ಮಂದಿಯೊಳಗ ಒಬ್ಬಾಕಿ ಆಗಿ ಹೋಗಿಬಿಡ್ತಿ ಏನೋ ಅಂತ ನಿದ್ದಿ ಬರಂಗಿಲ್ಲ. ಹಂಗಂತ ಸಿಂದಗಿ ಬೀಗರ ಮುಂದ ನಿನ್ನ ಪೇಪರ್ ಫೋಟೋ ತೋರಸಾಂವ ನಾನ, ಒಂದಕ್ಷರ ತಿಳಿಯಂಗಿಲ್ಲ ಆದ್ರೂ ಝೂಮ್ ಮಾಡಿ ತೋರಸ್ತೀನಿ.

ಹೊತ್ತಿಗೆ ಸರಿಯಾಗಿ ಉಣ್ಣು. ಆ ಶ್ರೀಖಂಡೆ 102 ವರ್ಷ ಬದುಕಿದ್ರು, ಬರೇ ಚಾ ಕುಡುದು ಅಲ್ಲ. ಗೈಡ್ ಸಿಟ್ಟಿಗೆ ಬಂದ್ರ ಎದುರು ಮಾತಾಡಬ್ಯಾಡ, ಆದ್ರ ಲೆಕ್ಕ ನಿಂದ ಖರೇ ಇದ್ರ ಬಿಡಲೂ ಬ್ಯಾಡ. ಮತ್ತ ಕೆ-ಸೆಟ್ (ಕಾಲೇಜ್ ಮಾಸ್ತರಕಿ ಪರೀಕ್ಷಾ) ಫಾರ್ಮ್ ಬಿಟ್ಟಾಗ ತುಂಬು, ಬ್ಯಾಡ ಅನಬ್ಯಾಡ, ಫೀಸ್ ನಾ ಕಟ್ತೀನಿ.

ಅಪ್ಪ