ಗೆಳೆಯನಿಗೊಂದು ಪತ್ರ: ‘ಇಲ್ಲ’ ಅನ್ನೋದು ಯಾವುದರ ಹೆಸರು?

ಪ್ರಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದೆಯಲ್ಲ, “‘ಹಸು’ ಅಂದ್ರೆ ಹಸು ಇದೆ, ‘ಇಲ್ಲ’ ಅಂದ್ರೆ ಏನಿದೆ?” ಅಂತ. ಆಗ ಉತ್ತರ ಹೊಳೆಯಲಿಲ್ಲ. ನಾಲ್ಕು ದಿನದಿಂದ ಅದೇ ಗುಂಗಿನಲ್ಲಿದ್ದೇನೆ.

ಇಂಗ್ಲೆಂಡಿನ ತತ್ವಜ್ಞಾನಿ ಬರ್ಟ್ರಂಡ್ ರಸೆಲ್‌ಗೂ ಇದು ಕಾಡಿತ್ತು. ‘ಕೋಣೆಯಲ್ಲಿ ಆನೆ ಇಲ್ಲ’ ಅನ್ನೋದು ನಿಜ ಆಗಬೇಕಾದರೆ ಲೋಕದಲ್ಲಿ ‘ಇಲ್ಲ’ದ ಸಂಗತಿಗಳೂ ಇರಬೇಕು ಎಂದು ಅವನು ವಾದಿಸಿದ. ಹಾರ್ವರ್ಡ್‌ನಲ್ಲಿ ಹಾಗೆ ಹೇಳಿದಾಗ ದೊಂಬಿಯೇ ಆಗುವುದರಲ್ಲಿತ್ತು ಎಂದು ಅವನೇ ಹೇಳಿಕೊಂಡಿದ್ದಾನೆ.

ನನಗೆ ಹಿಡಿಸಿದ್ದು ಅವನ ಶಿಷ್ಯ ವಿಟ್‌ಗೆನ್‌ಸ್ಟೈನ್ ಹಿಡಿದ ದಾರಿ. 1921ರಲ್ಲಿ ಅಚ್ಚಾದ ತನ್ನ ಪುಸ್ತಕ ‘ಟ್ರಾಕ್ಟೇಟಸ್’ನಲ್ಲಿ ಅವನು ವಸ್ತುವೊಂದನ್ನು ಸೂಚಿಸುವ ಹೆಸರನ್ನು ಚುಕ್ಕೆಗೆ, ವಾಕ್ಯವನ್ನು ಬಾಣಕ್ಕೆ ಹೋಲಿಸುತ್ತಾನೆ. ಸುಮ್ನೆ ‘ಶಂಕರ’ ಅಂದರೆ ನಿಜವಾ ಸುಳ್ಳಾ ಅಂತ ಕೇಳೋಕಾಗಲ್ಲ. ‘ಶಂಕರ ಬಂದ’ ಅಂದರೆ ಕೇಳಬಹುದು. ಬಾಣಕ್ಕೆ ದಿಕ್ಕಿದೆ, ಅದನ್ನು ತಿರುಗಿಸಬಹುದು. ‘ಇಲ್ಲ’ ಮಾಡುವ ಕೆಲಸ ಆ ತಿರುಗಿಸುವುದೇ. ಚುಕ್ಕೆಯನ್ನು ಎಲ್ಲಿಗೆ ತಿರುಗಿಸುತ್ತೀಯ? ‘ಶಂಕರ ಅಲ್ಲ’ ಅಂತೀವಲ್ಲ ಅಂತ ನೀನು ಕೇಳುತ್ತೀಯ, ಗೊತ್ತು. ಅಲ್ಲಿ ‘ಅವನು’ ಅಡಗಿದೆ ಕಣೋ, ಅದು ಆಗಲೇ ವಾಕ್ಯ.

ವಿಟ್‌ಗೆನ್‌ಸ್ಟೈನ್ ಇನ್ನೊಂದು ಮಾತು ಹೇಳುತ್ತಾನೆ. ‘ಇಲ್ಲ’ ಒಂದು ವಸ್ತುವಿನ ಹೆಸರಾಗಿದ್ದರೆ, ಎರಡು ಸಲ ‘ಇಲ್ಲ’ ಅಂದಾಗ ಬೇರೇನನ್ನೋ ಹೇಳಿದಂತಾಗಬೇಕಿತ್ತು. ‘ಅವನು ಬರದೇ ಇರಲ್ಲ’ ಅಂತೀವಿ. ಒತ್ತು ಸ್ವಲ್ಪ ಜಾಸ್ತಿ ಇರಬಹುದು, ಆದರೆ ಹೇಳಿದ್ದು ಅವನು ಬರುತ್ತಾನೆ ಅಂತಲೇ ಅಲ್ವಾ?

ಇದನ್ನು ಓದುವಾಗ ನಮ್ಮ ಹಳೆಯ ನಿಷೇಧ ರೂಪಗಳು ನೆನಪಾಗಿ ಮೈ ಜುಮ್ ಅಂದಿತು. ಅರಿಯೆ, ಒಲ್ಲೆ, ಮಾಡೆನು. ‘ಮಾಡುವೆನು’ ಬಿಡಿಸಿ ನೋಡು: ಮಾಡು, ಕಾಲ ತೋರಿಸುವ ‘ವ’, ‘ಎನು’. ‘ಮಾಡೆನು’ವಿನಲ್ಲಿ ಬರೀ ಮಾಡು, ‘ಎನು’. ನಡುವಿನ ‘ವ’ ಕಾಣೆಯಾಗಿದೆ, ಅಷ್ಟೇ! ‘ಇಲ್ಲ’ ಎನ್ನುವ ತುಣುಕು ಅದರಲ್ಲಿ ಹುಡುಕಿದರೂ ಸಿಗದು. ಈ ‘ಸಿಗದು’ ಕೂಡ ಅದೇ ಜಾತಿಯದು. ಇಷ್ಟರಿಂದ ಅವನ ವಾದ ಸಾಬೀತಾಯಿತು ಅಂತ ನಾನು ಹೇಳುತ್ತಿಲ್ಲ. ‘ಇಲ್ಲ’, ‘ಅಲ್ಲ’ ಎಂಬ ಬಿಡಿ ಪದಗಳೂ ನಮ್ಮಲ್ಲಿವೆ. ಆದರೂ ನಿಷೇಧಕ್ಕೆಂದೇ ಒಂದು ಗುರುತು ಇರಲೇಬೇಕೆಂದಿಲ್ಲ ಎಂಬುದನ್ನು ನಮ್ಮ ಭಾಷೆಯೇ ತೋರಿಸಿತ್ತು, ನಾನು ಗಮನಿಸಿರಲಿಲ್ಲ.

ಒಂದು ತೊಡಕು ಉಳಿದಿದೆ. ಅಜ್ಜ ತೀರಿಕೊಂಡ ಮೇಲೆ ‘ಅಜ್ಜ ಇಲ್ಲ’ ಅಂತೀವಿ. ಹೆಸರಿಗೆ ಆಸರೆಯಾಗಿದ್ದ ವಸ್ತುವೇ ಹೋಯಿತು, ಮಾತು ಮಾತ್ರ ಅರ್ಥವಾಗುತ್ತದೆ. ಸತ್ತವನು ಹೆಸರು ಹೊತ್ತವನು, ಹೆಸರಿನ ಅರ್ಥವಲ್ಲ ಎಂದು ವಿಟ್‌ಗೆನ್‌ಸ್ಟೈನ್ ಮುಂದೆ ತಾನೇ ಬರೆದ. ಹಾಗಾದರೆ ಚುಕ್ಕೆಯ ಹೋಲಿಕೆ ಎಷ್ಟರಮಟ್ಟಿಗೆ ಉಳಿಯುತ್ತದೆ? ನಿನಗೇನನ್ನಿಸುತ್ತದೆ, ಬರಿ.

ನಿನ್ನ ಗೆಳೆಯ