ಗಜಕರ್ಣಕ್ಕೆ ಸ್ಟೀರಾಯ್ಡ್ ಮುಲಾಮು ಬೇಡ

ಮಾನ್ಯ ಸಂಪಾದಕರೇ,

ಕಲಬುರಗಿಯ ಬಿಸಿಲು 40 ಡಿಗ್ರಿ ದಾಟಿತೆಂದರೆ ತೊಡೆಸಂದಿ, ಸೊಂಟ, ಕಂಕುಳಲ್ಲಿ ಗಜಕರ್ಣ ಏಳುತ್ತದೆ. ನಾಚಿಕೆಯಿಂದ ಬಹಳಷ್ಟು ಜನ ವೈದ್ಯರಿಗೆ ತೋರಿಸುವುದಿಲ್ಲ. ಮೆಡಿಕಲ್ ಅಂಗಡಿಗೆ ಹೋಗಿ ‘ತುರಿಕೆಗೆ ಒಂದು ಟ್ಯೂಬ್ ಕೊಡ್ರಿ’ ಎನ್ನುತ್ತಾರೆ. ಕೈಗೆ ಬರುವುದು ಎಷ್ಟೋ ಸಲ ಶಿಲೀಂಧ್ರದ ಔಷಧಿಯ ಜೊತೆ ಕ್ಲೋಬೆಟಸಾಲ್‌ನಂಥ ಪ್ರಬಲ ಸ್ಟೀರಾಯ್ಡ್ ಬೆರೆಸಿದ ಮುಲಾಮು. ನಾನು ವಿಜ್ಞಾನ ಕಲಿಸುವ ಮಕ್ಕಳ ಮನೆಗಳಲ್ಲೂ ಒಂದೇ ಟ್ಯೂಬ್ ಅಪ್ಪನಿಂದ ಮಗನಿಗೆ, ಅಕ್ಕನಿಂದ ತಂಗಿಗೆ ಹೋಗುತ್ತಿದೆ.

ಈ ಬೆರಕೆ ಯಾಕೆ ಅಪಾಯಕಾರಿ ಎಂದು ತಿಳಿಯಲು ಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುಗಳ ಬಗ್ಗೆ ತುಸು ತಿಳಿದಿರಬೇಕು. ಜೀವಕೋಶವನ್ನು ಸುತ್ತಿರುವ ತೆಳು ಪೊರೆ ತೀರ ಸಡಿಲವೂ ಆಗದೆ, ತೀರ ಬಿಗಿಯೂ ಆಗದೆ ಇರುವುದು ಸ್ಟೆರಾಲ್‌ನಿಂದ. ಮನುಷ್ಯರಲ್ಲಿ ಮತ್ತು ಪ್ರಾಣಿಗಳಲ್ಲಿ ಆ ಕೆಲಸ ಕೊಲೆಸ್ಟೆರಾಲ್‌ನದು. ನಮ್ಮ ತೊಗರಿ, ಜೋಳದಂಥ ಸಸ್ಯಗಳಲ್ಲಿ ಮುಖ್ಯವಾಗಿ ಸಿಟೊಸ್ಟೆರಾಲ್, ಗಜಕರ್ಣ ತರುವ ಶಿಲೀಂಧ್ರದಲ್ಲಿ ಎರ್ಗೊಸ್ಟೆರಾಲ್. ಎರ್ಗೊಸ್ಟೆರಾಲ್‌ನ ಅಣುವಿನಲ್ಲಿ ಕೊಲೆಸ್ಟೆರಾಲ್‌ಗಿಂತ ಎರಡು ಜೋಡಿಬಂಧ, ಒಂದು ಮೀಥೈಲ್ ಗುಂಪು (ಒಂದು ಇಂಗಾಲ, ಮೂರು ಜಲಜನಕದ ಪುಟ್ಟ ಗುಂಪು) ಹೆಚ್ಚು, ಅಷ್ಟೇ. ಆದರೆ ಗಜಕರ್ಣದ ಔಷಧಿಗಳು ಗುರಿಯಿಡುವುದು ಶಿಲೀಂಧ್ರದ ಈ ಎರ್ಗೊಸ್ಟೆರಾಲ್‌ಗೇ. ಕ್ಲೋಟ್ರಿಮಜೋಲ್, ಇಟ್ರಾಕೊನಜೋಲ್, ಟರ್ಬಿನಾಫಿನ್ ಎಲ್ಲವೂ ಎರ್ಗೊಸ್ಟೆರಾಲ್ ತಯಾರಾಗುವ ದಾರಿಯಲ್ಲಿ ಒಂದೊಂದು ಹಂತವನ್ನು ತಡೆಯುತ್ತವೆ. ಶಿಲೀಂಧ್ರದ ಪೊರೆ ಕೆಡುತ್ತದೆ, ನಮ್ಮದು ಉಳಿಯುತ್ತದೆ. ಎಂಥ ಸೊಗಸಾದ ಉಪಾಯ!

ಸ್ಟೀರಾಯ್ಡ್ ಕೂಡ ಇದೇ ವಂಶದ್ದು. ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ಕೊಲೆಸ್ಟೆರಾಲ್‌ನಿಂದಲೇ ಕಾರ್ಟಿಸಾಲ್ ಮಾಡಿಕೊಳ್ಳುತ್ತದೆ. ಕ್ಲೋಬೆಟಸಾಲ್ ಅದೇ ಬಗೆಯ ಕೃತಕ ವಸ್ತು, ಅದಕ್ಕಿಂತ ಎಷ್ಟೋ ಪಟ್ಟು ಬಲಶಾಲಿ. ಅದು ಉರಿಯನ್ನಷ್ಟೇ ಅಲ್ಲ, ಆ ಜಾಗದ ರೋಗನಿರೋಧಕ ಶಕ್ತಿಯನ್ನೂ ಅಡಗಿಸುತ್ತದೆ. ಕಳ್ಳನನ್ನು ಹಿಡಿಯಲು ಬಂದವರು ಕಾವಲುಗಾರನ ಕೈ ಕಟ್ಟಿದ ಹಾಗೆ. ನಾಲ್ಕು ದಿನ ತುರಿಕೆ ನಿಲ್ಲುತ್ತದೆ, ವಾಸಿಯಾಯಿತೆಂದು ಬಿಡುತ್ತಾರೆ. ಶಿಲೀಂಧ್ರ ಒಳಗೊಳಗೇ ಹರಡಿ, ಉಂಗುರದೊಳಗೊಂದು ಉಂಗುರವಾಗಿ ಮತ್ತೆ ಏಳುತ್ತದೆ. ಕೆಲವೊಮ್ಮೆ ರೂಪವೇ ಬದಲಾಗಿ ವೈದ್ಯರಿಗೂ ಗುರುತು ಸಿಗುವುದು ಕಷ್ಟ. ಚರ್ಮ ತೆಳುವಾಗಿ ತೊಡೆಸಂದಿಯಲ್ಲಿ ಬೀಳುವ ಗೀರುಗಳು ಆಮೇಲೆ ಅಳಿಯುವುದಿಲ್ಲ. ಬಣ್ಣ ಬರಲೆಂದು ಇದನ್ನೇ ಮುಖಕ್ಕೆ ಹಚ್ಚುವ ಹೆಣ್ಣುಮಕ್ಕಳನ್ನು ನೋಡಿದರೆ ಸಂಕಟವಾಗುತ್ತದೆ.

ಕೇಂದ್ರ ಸರ್ಕಾರ 2018ರಲ್ಲೇ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್ ವ್ಯಾಪ್ತಿಗೆ ತಂದಿದೆ. ವೈದ್ಯರ ಚೀಟಿ ಇಲ್ಲದೆ ಅವನ್ನು ಮಾರುವಂತಿಲ್ಲ. ಬೇಸಿಗೆಗೆ ಮೊದಲೇ ಔಷಧ ನಿಯಂತ್ರಣ ಅಧಿಕಾರಿಗಳು ಅಂಗಡಿಗಳನ್ನು ಪರಿಶೀಲಿಸಬೇಕು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋದಾಗ ಟ್ಯೂಬಿನ ಮೇಲೆ ಏನು ಬರೆದಿದೆ ಎಂದು ಓದಿ ಹೇಳಲಿ, ಟವೆಲ್, ಒಳಉಡುಪು ಹಂಚಿಕೊಳ್ಳಬಾರದೆಂದೂ ತಿಳಿಸಲಿ. ಈಗಾಗಲೇ ತಿಂಗಳುಗಟ್ಟಲೆ ಹಚ್ಚುತ್ತಿರುವವರು ದಯವಿಟ್ಟು ನಾಚಿಕೆ ಬಿಟ್ಟು, ಆ ಟ್ಯೂಬನ್ನೂ ಒಯ್ದು, ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ತೋರಿಸಿಕೊಳ್ಳಿ.

– ಒಬ್ಬ ಪ್ರೌಢಶಾಲಾ ವಿಜ್ಞಾನ ಶಿಕ್ಷಕ, ಕಲಬುರಗಿ